ಕೆಂಪು ಬಟ್ಟೆಯ ಓಲೆಕಟ್ಟು

ಆ ವರ್ಷ ತಾಳೆಮರಗಳಿಗೆ ಹುಳ ಬಿತ್ತು.

ನದಿದಂಡೆಯ ಆ ವಿದ್ಯಾಶಾಲೆಗೆ ಅದಕ್ಕಿಂತ ದೊಡ್ಡ ಗಂಡಾಂತರ ಬೇರೆ ಇರಲಿಲ್ಲ. ಅಕ್ಕಿ ಕಮ್ಮಿಯಾದರೆ ಅಲ್ಲಿಯ ಜನ ಗಂಜಿ ಕುಡಿದು ಸುಮ್ಮನಿರುತ್ತಿದ್ದರು. ಬರೆಯಲು ಓಲೆ ಇಲ್ಲ ಅಂದರೆ ಮಾತ್ರ ಒಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಅಲ್ಲಿದ್ದವರೆಲ್ಲ ಒಂದೊಂದು ಪ್ರಶ್ನೆ ಹಿಡಿದು ಕೂತವರು. ಒಬ್ಬರ ಪ್ರಶ್ನೆ ಇನ್ನೊಬ್ಬರಿಗೆ ಹುಚ್ಚು. ಕಂಡುಕೊಂಡದ್ದನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಓಲೆಗರಿಯಲ್ಲಿ ಬರೆದಿಡುವುದು ಅಲ್ಲಿಯ ಪದ್ಧತಿ. ಬರೆಯದೆ ಉಳಿದದ್ದು ಆಯಾ ಮನುಷ್ಯರ ಜೊತೆಗೇ ಹೋಗುತ್ತಿತ್ತು.

ಗಾಡಿ ತುಂಬ ಬರಬೇಕಿದ್ದ ಓಲೆ ಈ ಸಲ ಒಂದೇ ಹೊರೆ ಬಂತು. ಇನ್ನೂರು ಗರಿ, ಅಷ್ಟೇ.

ಗುರು ಕಲ್ಲಯ್ಯನವರು ಹಿರಿಯ ಶಿಷ್ಯ ಸಂಕಣ್ಣನನ್ನು ಕರೆದರು.

“ಹಂಚು,” ಅಂದರು.

ಸಂಕಣ್ಣ ಬುದ್ಧಿವಂತ. ಆ ವಿಷಯ ಎಲ್ಲರಿಗಿಂತ ಮೊದಲು ಅವನಿಗೇ ಗೊತ್ತಿತ್ತು. ತರ್ಕದ ಒಂದು ಹಳೆಯ ಗ್ರಂಥಕ್ಕೆ ಒಂಬತ್ತು ವರ್ಷದಿಂದ ವ್ಯಾಖ್ಯಾನ ಕಟ್ಟುತ್ತಿದ್ದ. ಎಲ್ಲ ತಲೆಯಲ್ಲೇ ಇತ್ತು. ಬರೆಯುವುದೊಂದೇ ಬಾಕಿ.

ಅವನು ಜಗಲಿಯಲ್ಲೇ ಕೂತು ಬಳಪದಲ್ಲಿ ಪಟ್ಟಿ ಬರೆದು ಮುಗಿಸಿದ.

“ನನ್ನ ವ್ಯಾಖ್ಯಾನಕ್ಕೆ ನೂರಿಪ್ಪತ್ತು. ವೈದ್ಯಕ್ಕೆ ಐವತ್ತು. ವ್ಯಾಕರಣಕ್ಕೆ ಮೂವತ್ತು. ಸರಿಹೋಯ್ತು ಗುರುಗಳೇ.”

“ಮಿಕ್ಕವರಿಗೆ?”

“ಮಿಕ್ಕವರದು ಏನಿದೆ ಗುರುಗಳೇ? ಒಬ್ಬಳು ಇರುವೆ ನೋಡ್ತಾಳೆ. ಒಬ್ಬ ಬಿಸಿಲಲ್ಲಿ ಕೋಲು ನೆಟ್ಟು ಕೂತಿದಾನೆ. ಇನ್ನೊಬ್ಬ ಊರೂರು ತಿರುಗಿ ಜೋಗುಳ ಕೇಳ್ಕೊಂಡು ಬರ್ತಾನೆ. ಮುಂದಿನ ವರ್ಷ ನೋಡಿದರಾಯ್ತು.”

“ಅವರ ಪ್ರಶ್ನೆ ಕೇಳಿದೀಯಾ?”

“ಒಂಬತ್ತು ವರ್ಷದಿಂದ ದಿನಾ ನೋಡ್ತಿದೀನಲ್ಲ.”

“ನೋಡಿದೀಯಾ ಅಂತ ನಾನು ಕೇಳಲಿಲ್ಲ.”

ಗುರುಗಳು ಪಟ್ಟಿಯನ್ನು ಅವನ ಕಡೆಗೇ ಸರಿಸಿದರು.

“ಒಬ್ಬೊಬ್ಬರ ಹತ್ರ ಒಂದೊಂದು ದಿನ ಕೂತು ಬಾ. ಅವರು ಹೇಳಿದ್ದು ಕೇಳು. ನೀನು ಪಾಠ ಮಾಡೋಕೆ ಹೋಗಬೇಡ.”

ಅಯ್ಯೋ, ಕೂತು ಕೇಳುವುದು ಹೇಗೋ ಆಗುತ್ತಿತ್ತು. ಪಾಠ ಮಾಡದೆ ಇರುವುದೇ ಅವನಿಗೆ ಕಷ್ಟ.

ಹೊರಡುವ ಮುಂಚೆ ಅವನು ಗೋಡೆಯ ಗೂಡಿನಲ್ಲಿದ್ದ ಓಲೆಕಟ್ಟಿಗೆ ಕೈಮುಗಿದ. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟು. ಗುರುಗಳು ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ಅದನ್ನು ತೆರೆಯುತ್ತಿದ್ದರು. ಗುರುಗಳ ಮಹಾಗ್ರಂಥವೇ ಇರಬೇಕು ಅಂತ ಎಲ್ಲರ ನಂಬಿಕೆ. ಕಟ್ಟು ಎತ್ತದೆ ಗೂಡಿನ ಧೂಳು ಒರೆಸಿ ಹೂವಿಡುವ ಕೆಲಸ ಸಂಕಣ್ಣನದು. ಒಂದು ದಿನ ತನ್ನ ವ್ಯಾಖ್ಯಾನವೂ ಹೀಗೇ ಕೆಂಪು ಬಟ್ಟೆಯಲ್ಲಿ ಕೂರಬೇಕು ಅನ್ನುವುದು ಅವನ ಒಳಗಿನ ಆಸೆ.

ಮೊದಲು ಹುಣಸೆಮರದ ಕೆಳಗೆ ಹೋದ. ಹೊನ್ನಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದಳು.

“ಅಕ್ಕಾ, ಇರುವೇಲಿ ಏನು ನೋಡ್ತೀಯ?”

“ಸಾವು,” ಅಂದಳು. “ಗೂಡಲ್ಲಿ ಒಂದು ಸತ್ತರೆ ಉಳಿದವು ಹೊತ್ಕೊಂಡು ಹೋಗಿ ದೂರ ಹಾಕ್ತಾವೆ. ಗೊತ್ತಾ?”

“ಗೊತ್ತು.”

“ಸತ್ತ ದಿನವೇ ಹಾಕಲ್ಲ, ಅದು ಗೊತ್ತಾ? ನಾನು ನೋಡಿದ ಗೂಡುಗಳಲ್ಲಿ ಎರಡು ದಿನ ಅದರ ಪಕ್ಕದಲ್ಲೇ ಓಡಾಡ್ತಾವೆ. ಮೀಸೆ ತಾಗಿಸಿ ನೋಡ್ತಾವೆ. ಮೂರನೇ ದಿನ ಎತ್ತುತ್ತಾವೆ. ಆ ಎರಡು ದಿನ ಅದು ಸತ್ತಿದೆ ಅಂತ ಅವಕ್ಕೆ ಗೊತ್ತಿರಲ್ವಾ? ಗೊತ್ತಿದ್ದೂ ಇಟ್ಕೊಂಡಿರ್ತಾವಾ?”

“ಎರಡರಲ್ಲಿ ಯಾವುದು ಅಕ್ಕಾ?”

“ಹನ್ನೊಂದು ವರ್ಷ ಆಯ್ತು ಮಾರಾಯ, ಇನ್ನೂ ತಿಳಿದಿಲ್ಲ. ಪಕ್ಕಕ್ಕೆ ಸರಿ, ಅವುಗಳ ದಾರಿ ಮೇಲೇ ಕೂತಿದೀಯ.”

ಸಂಕಣ್ಣ ಧಡಕ್ಕನೆ ಎದ್ದ. ಆ ಮರದ ಕೆಳಗೆ ಒಂಬತ್ತು ವರ್ಷ ದಡದಡ ನಡೆದಾಡಿದ್ದ. ಅವತ್ತು ಸಂಜೆ ಮಾತ್ರ ನೋಡಿ ನೋಡಿ ಕಾಲಿಟ್ಟ.

ಮರುದಿನ ಕೋಲಿನ ಈರಯ್ಯ. ನಡುಹಗಲು, ನೆತ್ತಿ ಸುಡುವ ಬಿಸಿಲು. ಆಳೆತ್ತರದ ಕೋಲಿಗೆ ನೆರಳೇ ಇರಲಿಲ್ಲ.

“ಪ್ರತಿ ವರ್ಷ ಇದೇ ದಿನ, ಇದೇ ಹೊತ್ತಿಗೆ, ಬಡಗಣ ದಿಕ್ಕಿಗೆ ಹತ್ತು ದಿನದ ದಾರಿಯಲ್ಲಿ ನನ್ನ ತಮ್ಮ ಇಂಥದ್ದೇ ಕೋಲು ನೆಡ್ತಾನೆ,” ಅಂದ ಈರಯ್ಯ. “ಅಲ್ಲಿ ನೆರಳು ನಾಲ್ಕು ಬೆರಳು. ಇಲ್ಲಿ ಇಲ್ಲ, ಅಲ್ಲಿದೆ. ಯಾಕೆ ಹೇಳು?”

ಪಾಠ ಮಾಡಬೇಡ ಅಂತ ಗುರುಗಳು ಅಂದಿದ್ದರಿಂದ ಸದ್ಯ ಸಂಕಣ್ಣನ ಮರ್ಯಾದೆ ಉಳಿಯಿತು.

“ನಡುವಿನ ನೆಲ ಬಾಗಿದೆ. ಆ ನಾಲ್ಕು ಬೆರಳು ಹಿಡಿದು ಲೆಕ್ಕ ಹಾಕ್ಕೊಂಡು ಹೋದರೆ ಇಡೀ ಭೂಮಿಯ ಸುತ್ತಳತೆ ಸಿಗುತ್ತೆ.”

“ಸಿಕ್ತಾ?”

“ಸಿಕ್ತು. ಸಿಕ್ಕ ದಿನ ಭಯ ಆಯ್ತು ಕಣೋ. ಇಷ್ಟು ದೊಡ್ಡದರ ಮೇಲೆ ಇಷ್ಟು ದಿನ ಸುಮ್ನೆ ಕೂತಿದ್ನಲ್ಲ ಅಂತ.”

ಸಂಕಣ್ಣ ಕೈ ಚಾಚಿ ನಾಲ್ಕು ಬೆರಳು ನೋಡಿಕೊಂಡ.

ಜೋಗುಳದ ಗುಡ್ಡಪ್ಪ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕ.

“ಕಡಲ ದಂಡೆಯ ಮೀನುಗಾರರ ಮನೆಯಲ್ಲಿ ಒಂದು ಜೋಗುಳ ಕೇಳಿದೆ,” ಅಂದ. “ಗುಡ್ಡದಲ್ಲಿ ಜೇನು ಕೀಳುವವರ ಹಾಡಿಯಲ್ಲೂ ಅದೇ ಧಾಟಿ. ಅವರು ಇವರನ್ನ ಕಂಡಿಲ್ಲ, ಇವರು ಅವರನ್ನ ಕಂಡಿಲ್ಲ. ಯಾರು ಯಾರಿಗೆ ಕಲಿಸಿದ್ರು?”

ಅವನು ಗುನುಗತೊಡಗಿದ. ಮೂರನೆಯ ಸಾಲಿಗೆ ಧಾಟಿ ಕೆಳಗಿಳಿದು ಒಂದು ಗಳಿಗೆ ನಿಂತಿತು.

“ನಿಲ್ಲು,” ಅಂದ ಸಂಕಣ್ಣ. “ಮುಂದಿನದು ನನಗೆ ಬರುತ್ತೆ.”

ಹೇಗೆ ಬರುತ್ತೆ ಅಂತ ಅವನಿಗೇ ತಿಳಿಯದು. ಹಾಡಿದ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅವಳ ಮುಖ ಕೂಡ ನೆನಪಿರಲಿಲ್ಲ. ಹಾಡು ಮುಗಿಯುವಷ್ಟರಲ್ಲಿ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ನಿಮ್ಮದು ಯಾವ ಸೀಮೆ?” ಗುಡ್ಡಪ್ಪ ಮೆಲ್ಲಗೆ ಕೇಳಿದ.

“ಬಯಲುಸೀಮೆ.”

“ಹಾಗಾದರೆ ಮೂರು ಕಡೆ,” ಅಂದ ಗುಡ್ಡಪ್ಪ. ಅವನ ಕಣ್ಣೂ ತುಂಬಿತ್ತು.

ಹೀಗೆ ಹನ್ನೊಂದು ದಿನ. ಕೆಸರು ಒಣಗಿದಾಗ ಬಿರುಕು ಯಾಕೆ ಅದೇ ಅದೇ ಆಕಾರಕ್ಕೆ ಬೀಳುತ್ತದೆ ಅಂತ ನೋಡುವವನ ಹತ್ತಿರ ಒಂದು ದಿನ. ನಾಡಿ ಹಿಡಿಯುವ ವೈದ್ಯರ ಹತ್ತಿರ ಒಂದು ದಿನ. ಹಾವಿನ ವಿಷಕ್ಕೆ ಬೇರು ಹುಡುಕುವ ಮುದ್ದಜ್ಜನ ಹತ್ತಿರ ಒಂದು ದಿನ.

“ಮೂವತ್ತು ವರ್ಷದಲ್ಲಿ ನಾನೂರು ಬೇರು ನೋಡಿದೆ,” ಅಂದ ಮುದ್ದಜ್ಜ. “ಒಂದರಲ್ಲೂ ಇಲ್ಲ.”

“ಹಾಗಾದರೆ ಬರೆಯೋದು ಏನಜ್ಜ?”

“ಇವಿಷ್ಟರಲ್ಲಿ ಇಲ್ಲ, ಬೇರೆ ಕಡೆ ಹುಡುಕಿ ಅಂತ. ಹೆಸರು ಒತ್ತಾಗಿ ಬರೆದರೆ ಎಂಟೇ ಗರಿ ಸಾಕು. ನನ್ನ ಹಿಂದೆ ಬರೋ ಪುಣ್ಯಾತ್ಮನಿಗೆ ಮೂವತ್ತು ವರ್ಷ ಉಳಿಯುತ್ತಲ್ಲ!”

ಅಜ್ಜ ಬೊಚ್ಚುಬಾಯಿ ತೆರೆದು ನಕ್ಕ. ಸಂಕಣ್ಣ ಅವನ ಕಾಲು ಮುಟ್ಟಿದ.

ಹನ್ನೆರಡನೆಯ ದಿನ ಬೆಳಗ್ಗೆ ಅವನು ಗುರುಗಳ ಮುಂದೆ ಹೊಸ ಪಟ್ಟಿ ಇಟ್ಟ. ಗುರುಗಳು ಮೇಲಿನಿಂದ ಕೆಳಗೆ ಓದಿದರು.

“ನಿನ್ನ ವ್ಯಾಖ್ಯಾನಕ್ಕೆ ಬರೀ ನಾಲ್ಕಾ?”

“ಆ ಗ್ರಂಥಕ್ಕೆ ಆಗಲೇ ಹದಿನಾಲ್ಕು ವ್ಯಾಖ್ಯಾನ ಇವೆ ಗುರುಗಳೇ. ಅವರು ಹೇಳದೇ ಇದ್ದದ್ದು ನನ್ನ ಹತ್ರ ಎಷ್ಟಿದೆ ಅಂತ ಕೂತು ನೋಡಿದೆ. ನಾಲ್ಕು ಗರಿ. ಅದರಲ್ಲೂ ಒಂದು ಗರಿ ದೇವರ ಸ್ತುತಿ.”

ಗುರುಗಳು ಹೊಟ್ಟೆ ಹಿಡಿದು ನಕ್ಕರು.

“ಒಳ್ಳೇದು. ಎಲ್ಲರಿಗೂ ಬಂತು ತಾನೇ?”

“ಬಂತು. ಚಂದವ್ವ ಒಬ್ಬಳನ್ನ ಬಿಟ್ಟು.”

ಚಂದವ್ವ ಪಾಠಕ್ಕೂ ಊಟಕ್ಕೂ ಗಂಟೆ ಬಾರಿಸುವ ಮುದುಕಿ.

“ಅವಳೂ ಓಲೆ ಕೇಳಿದಳಾ?”

“ನಾಲ್ಕು ಕೇಳಿದಳು. ಅಕ್ಷರ ಬರಲ್ಲ, ಯಾರಾದರೂ ಬರೆದುಕೊಡಿ ಅಂದಳು. ಮರೆವು ಶುರುವಾಗಿದೆಯಂತೆ, ಈ ವರ್ಷವೇ ಆಗಬೇಕಂತೆ.”

“ಅವಳ ಪ್ರಶ್ನೆ ಏನು?”

“ಗಂಟೆ ಬಾರಿಸಿದ ಮೇಲೆ ಸದ್ದು ಸಣ್ಣಗಾಗ್ತಾ ಹೋಗುತ್ತಲ್ಲ, ಕೊನೆಗೆ ನಿಲ್ಲೋದು ಸದ್ದೋ, ನಮ್ಮ ಕಿವಿಯೋ ಅಂತ. ಮಂಜು ಬಿದ್ದ ದಿನ ಹೇಗೆ, ಗಾಳಿ ಬೀಸೋ ದಿನ ಹೇಗೆ, ಆಚೆ ದಡದ ದನ ಎಷ್ಟು ಹೊತ್ತು ಕಿವಿ ನೆಟ್ಟಗೆ ಮಾಡಿರ್ತಾವೆ, ಏನೇನೋ ಹೇಳಿದಳು. ಇಡೀ ದಿನ ಕೂತೆ ಗುರುಗಳೇ. ಅವಳು ಏನು ಹುಡುಕ್ತಿದಾಳೆ ಅಂತಲೇ ನನಗೆ ಅರ್ಥ ಆಗಲಿಲ್ಲ. ಅರ್ಥವಾಗದ್ದಕ್ಕೆ ಹೇಗೆ ಕೊಡಲಿ?”

ಗುರುಗಳ ನಗು ನಿಂತಿತು.

ಅವರು ಎದ್ದರು. ಗೂಡಿನಿಂದ ಕೆಂಪು ಬಟ್ಟೆಯ ಕಟ್ಟು ತೆಗೆದು ಸಂಕಣ್ಣನ ತೊಡೆಯ ಮೇಲಿಟ್ಟರು.

“ಬಿಚ್ಚು.”

ಸಂಕಣ್ಣ ಒಂಬತ್ತು ವರ್ಷ ಹೂವಿಟ್ಟ ಕಟ್ಟು. ಗಂಟು ಸಡಿಲಿಸಿ ಬಟ್ಟೆ ಸರಿಸಿದ.

ಓಲೆಗೆ ಮೇಲೊಂದು ಕೆಳಗೊಂದು ಇಡುವ ಎರಡು ಮರದ ಹಲಗೆ. ಹೊಸೆದ ದಾರ. ನಡುವೆ ಒಂದೂ ಗರಿ ಇರಲಿಲ್ಲ.

“ಗುರುಗಳೇ, ಗರಿಗಳೆಲ್ಲಿ?”

“ನಾನು ಕೊಡಲಿಲ್ಲ.”

ಸಂಕಣ್ಣ ಮುಖ ಎತ್ತಿ ನೋಡಿದ.

“ನಿನ್ನ ವಯಸ್ಸಲ್ಲಿ ನನಗೂ ಹಂಚೋ ಕೆಲಸ ಬಂದಿತ್ತು,” ಅಂದರು ಕಲ್ಲಯ್ಯನವರು. “ಆಗಲೂ ಹುಳ ಬಿದ್ದಿತ್ತು. ಒಬ್ಬರು ಹಲಗೆ ಕೆತ್ತಿಸ್ಕೊಂಡು, ದಾರ ಹೊಸೆದು, ತಯಾರಾಗಿ ಬಂದು ಕೂತಿದ್ದರು. ಇಡೀ ದಿನ ಹೇಳಿದರು. ನನಗೆ ಅರ್ಥ ಆಗಲಿಲ್ಲ. ಮುಂದಿನ ವರ್ಷ ನೋಡೋಣ ಅಂದೆ.”

“ಮುಂದಿನ ವರ್ಷ?”

“ಓಲೆ ಗಾಡಿ ತುಂಬ ಬಂತು. ಅವರು ಇರಲಿಲ್ಲ.”

ಅಷ್ಟರಲ್ಲಿ ಊಟದ ಗಂಟೆ ಕೇಳಿಸಿತು. ಚಂದವ್ವ ಒಂದೇ ಒಂದು ಪೆಟ್ಟು ಹೊಡೆಯುತ್ತಿದ್ದಳು, ಯಾವಾಗಲೂ.

ಒಂಬತ್ತು ವರ್ಷದಲ್ಲಿ ಮೊದಲ ಸಲ ಸಂಕಣ್ಣ ಆ ಸದ್ದಿಗೆ ಎದ್ದು ಹೋಗದೆ ಕಣ್ಣು ಮುಚ್ಚಿ ಕೂತು ಕೇಳಿದ. ಸದ್ದು ಅಂಗಳ ದಾಟಿತು. ಮೆಟ್ಟಿಲು ಇಳಿಯಿತು. ನೀರಿನ ಮೇಲೆ ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ ಹೋಯಿತು. ಈಗ ನಿಂತಿತು ಅಂದುಕೊಂಡ. ನಿಂತಿರಲಿಲ್ಲ. ಈಗ ನಿಜವಾಗಿ ನಿಂತಿತು ಅಂದುಕೊಂಡು ಕಣ್ಣು ಬಿಟ್ಟ.

ತೆರೆದ ಬಾಗಿಲಿನಾಚೆ, ಹೊಳೆಯ ಆಚೆ ದಡದಲ್ಲಿ ಒಂದು ಕೆಂದ ಹಸು ಇನ್ನೂ ಕಿವಿ ನೆಟ್ಟಗೆ ಮಾಡಿ ನಿಂತಿತ್ತು.

ಎಷ್ಟೋ ಹೊತ್ತಿನ ಮೇಲೆ ಹಸು ಕಿವಿ ಇಳಿಸಿ ಮೇಯತೊಡಗಿತು.

ಅವನು ಪಟ್ಟಿಯಲ್ಲಿ ತನ್ನ ಹೆಸರು ಅಳಿಸಿದ. ಹೊರೆಯಿಂದ ನಾಲ್ಕು ಗರಿ ಎಣಿಸಿ ತೆಗೆದ. ಒಂಬತ್ತು ವರ್ಷದ ಕೆಲಸ. ಎದೆಯಲ್ಲಿ ಚುರ್ರೆಂದಿತು, ಇಲ್ಲ ಅಂದರೆ ಸುಳ್ಳು.

“ಚಂದವ್ವ ಹೇಳಲಿ, ನಾನೇ ಬರೀತೀನಿ,” ಅಂದ.

“ಅರ್ಥ ಆಗದಿದ್ದರೂ?”

“ಆಗದಿದ್ದರೂ.”

ಗುರುಗಳು ಹಲಗೆಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದರು. ಸಂಕಣ್ಣ ಹೊಸ್ತಿಲ ತನಕ ಹೋದವನು ತಿರುಗಿ ನಿಂತ.

“ಗುರುಗಳೇ, ದಿನಾ ಬೆಳಗ್ಗೆ ಬಾಗಿಲು ಹಾಕ್ಕೊಂಡು ಇದರಲ್ಲಿ ಏನು ಓದ್ತೀರಿ?”

“ಅವರು ಅವತ್ತು ಹೇಳಿದ್ದನ್ನ. ನಲವತ್ತೊಂದು ವರ್ಷ ಆಯ್ತಪ್ಪ, ಇನ್ನೂ ಮೊದಲನೇ ಗರಿ ಮುಗಿದಿಲ್ಲ.”