ಮಳೆಗಾಲದ ಟೈರು

“ಕಷ್ಟಕಾಲದಲ್ಲಿ ನಮ್ಮನ್ನು ಕಾಪಾಡಿದ್ದನ್ನು ಕಷ್ಟ ಕಳೆದ ಮೇಲೆ ಬಿಟ್ಟುಬಿಡುವುದು ಕೃತಘ್ನತೆಯಲ್ಲವೇ ಗುರುಗಳೇ?” ಎಂದು ಶಿಷ್ಯ ಕೇಳಿದ.

“ನೀನು ಬಿಡಬೇಕಾಗಿರುವುದು ಏನನ್ನು?” ಎಂದರು ಗುರುಗಳು.

“ನನ್ನ ಬಿಗುವನ್ನು. ತಂದೆ ತೀರಿಕೊಂಡಾಗ ದಾಯಾದಿಗಳು ಮನೆಯೊಳಗೇ ಇದ್ದು ಮೋಸ ಮಾಡಿದರು. ಯಾರನ್ನೂ ನಂಬದೆ, ಯಾರ ಎದುರೂ ನಗದೆ ಇದ್ದೆ. ಅದರಿಂದಲೇ ಉಳಿದೆ. ದಾಯಾದಿಗಳು ಊರು ಬಿಟ್ಟು ಹೋದರು. ಈಗ ನನ್ನ ಹೆಂಡತಿ, ‘ಇನ್ನಾದರೂ ಮುಖ ಸಡಿಲಿಸಿ, ನಿಮ್ಮ ಹೆಜ್ಜೆ ಸಪ್ಪಳ ಕೇಳಿದರೆ ಮಗಳು ಒಳಗೆ ಓಡುತ್ತಾಳೆ’ ಅನ್ನುತ್ತಾಳೆ. ನನ್ನನ್ನು ಉಳಿಸಿದ ಗುಣವನ್ನು ನಾನು ಹೇಗೆ ಬಿಡಲಿ?”

ಗುರುಗಳು ಈ ಕತೆ ಹೇಳಿದರು.

ನಾನು ಚಿಕ್ಕಂದಿನಲ್ಲಿ ಓದಿದ ಊರು ಘಟ್ಟದ ನೆತ್ತಿಯ ಮೇಲಿತ್ತು. ಪಶ್ಚಿಮಕ್ಕೆ ಇಳಿದರೆ ಕರಾವಳಿ, ಪೂರ್ವಕ್ಕೆ ಹೋದರೆ ಬಯಲುಸೀಮೆ. ಮಳೆಗಾಲದಲ್ಲಿ ಘಟ್ಟದ ದಾರಿ ಹೊಳೆಯಾಗುತ್ತಿತ್ತು. ಬೇಸಿಗೆಯಲ್ಲಿ ಬಯಲುಸೀಮೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಎರಡು ದಾರಿಗೂ ಹೊಂದುವ ಒಂದು ಟೈರು ಆಗ ಇರಲಿಲ್ಲ. ಅದಕ್ಕೆ ಅಲ್ಲಿಯ ಬಾಡಿಗೆ ಕಾರಿನವರೆಲ್ಲ ಎರಡು ಸೆಟ್ಟು ಟೈರು ಇಟ್ಟುಕೊಳ್ಳುತ್ತಿದ್ದರು. ಮಳೆಯ ಟೈರಿನ ರಬ್ಬರು ಮೆತ್ತಗೆ, ಗೀರು ಆಳ. ನೀರನ್ನು ಸೀಳಿ ನೆಲ ಹಿಡಿಯುತ್ತಿತ್ತು. ಬಿಸಿಲಿನ ಟೈರು ಗಟ್ಟಿ.

ಮೃಗಶಿರಾ ಮಳೆ ಕೂಡುವ ಮೊದಲು ಒಂದು ದಿನ, ದೀಪಾವಳಿ ಕಳೆದ ಮೇಲೆ ಒಂದು ದಿನ, ಸ್ಟ್ಯಾಂಡಿನಲ್ಲಿ ಯಾರೂ ಬಾಡಿಗೆ ಹಿಡಿಯುತ್ತಿರಲಿಲ್ಲ. ಸಾಲಾಗಿ ಕಾರುಗಳನ್ನು ಜಾಕಿನ ಮೇಲೆ ಎತ್ತಿ ಟೈರು ಬದಲಿಸುತ್ತಿದ್ದರು. ಒಬ್ಬನ ಕಾರಿಗೆ ಇನ್ನೊಬ್ಬ ಕೈಹಾಕುತ್ತಿದ್ದ. ಹೋಟೆಲಿನಿಂದ ಚಹಾ ಬರುತ್ತಿತ್ತು. ಬಿಚ್ಚಿದ ಟೈರನ್ನು ತೊಳೆದು, ಒರೆಸಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದರು. ಈಗ ಆ ಸ್ಟ್ಯಾಂಡೂ ಇಲ್ಲ, ಆ ಜನವೂ ಇಲ್ಲ. ಒದ್ದೆ ರಬ್ಬರಿನ ವಾಸನೆ ಬಂದರೆ ನನಗೆ ಇವತ್ತಿಗೂ ಆ ಊರೇ ನೆನಪಾಗುತ್ತದೆ.

ಅಲ್ಲಿ ಒಬ್ಬ ಚಾಲಕನಿದ್ದ. ಒಂದು ಮಳೆಗಾಲ ಅವನ ತಾಯಿಗೆ ಎದೆನೋವು ಬಂತು. ಆಸ್ಪತ್ರೆ ಇದ್ದದ್ದು ಘಟ್ಟದ ಕೆಳಗೆ. ಬಸ್ಸು ನಿಂತುಹೋಗಿತ್ತು. ಅವನು ಜಡಿಮಳೆಯಲ್ಲಿ ತಾಯಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಇಳಿದ. ಒಂದು ತಿರುವಿನಲ್ಲೂ ಟೈರು ಜಾರಲಿಲ್ಲ. ತಾಯಿ ಉಳಿದಳು. ಆಯುಧಪೂಜೆಯ ದಿನ ಅವಳೇ ಬಂದು, ಬಾಗಿ, ನಾಲ್ಕೂ ಟೈರಿಗೆ ಕುಂಕುಮ ಹಚ್ಚಿ ಸವರಿದಳು. ದೀಪಾವಳಿಗೆ ಮುಂಚೆ ಒಂದು ಬೆಳಗ್ಗೆ ನಿದ್ದೆಯಲ್ಲೇ ತೀರಿಕೊಂಡಳು.

ಟೈರು ಬದಲಿಸುವ ದಿನ ಚಾಲಕ ಕೈಕಟ್ಟಿ ಕುಳಿತ.

ಪಕ್ಕದ ಕಾರಿನ ಗೆಳೆಯ ಹೇಳಿದ: “ಬಿಚ್ಚು ಮಾರಾಯ. ಬಯಲುಸೀಮೆಯ ಬಿಸಿಲಿಗೆ ಇವು ಒಂದು ಬೇಸಿಗೆಯೂ ಬಾಳಲ್ಲ.”

“ಅಮ್ಮ ಮುಟ್ಟಿದ ಟೈರು. ಅಟ್ಟಕ್ಕೆ ಎಸೆದುಬಿಡಲಾ?”

“ಎಸಿ ಅಂದೆನಾ? ಇಡು ಅಂದೆ.”

“ನಿನ್ನ ಅಟ್ಟ ನೀನು ನೋಡಿಕೋ” ಎಂದು ಚಾಲಕ ಎದ್ದು ಹೋದ.

ಮದುವೆಗಳ ಕಾಲ ಬಂತು. ಅವನು ದಿನವೂ ಬಯಲುಸೀಮೆಗೆ ಓಡಿಸಿದ. ಓಡಿಸುವಾಗ ತಾಯಿ ಹಿಂದಿನ ಸೀಟಿನಲ್ಲಿ ಕುಳಿತಿದ್ದಾಳೆ ಅನ್ನಿಸುತ್ತಿತ್ತು. ಆ ಸುಖಕ್ಕಾಗಿ ಕೆಲವು ಸಲ ಬಾಡಿಗೆ ಇಲ್ಲದೆಯೂ ಓಡಿಸಿದ. ಮೊದಲು ಕುಂಕುಮ ಹೋಯಿತು. ಆಮೇಲೆ ಗೀರುಗಳು ಹೋದವು. ಅವನು ಬಗ್ಗಿ ನೋಡಲಿಲ್ಲ.

ಮೃಗಶಿರಾ ಹತ್ತಿರ ಬಂತು. ಎಲ್ಲರೂ ಅಟ್ಟದಿಂದ ಮಳೆಯ ಟೈರು ಇಳಿಸಿದರು. “ನನ್ನವು ಹಾಕಿಯೇ ಇವೆ” ಎಂದ ಚಾಲಕ.

ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಜೋರು ಮಳೆಯಲ್ಲಿ ಅವಳಿಗೆ ನೋವು ಕಾಣಿಸಿಕೊಂಡಿತು. ಅದೇ ಘಟ್ಟ, ಅದೇ ಆಸ್ಪತ್ರೆ. ಮೊದಲನೆಯ ತಿರುವಿನಲ್ಲೇ ಕಾರು ಜಾರಿ, ಅಡ್ಡ ತಿರುಗಿ, ಅಂಚಿನ ಕಲ್ಲಿಗೆ ತಾಗಿ ನಿಂತಿತು. ಕಲ್ಲಿನ ಆಚೆ ನೆಲವಿರಲಿಲ್ಲ.

“ಅಪ್ಪಯ್ಯಾ, ನನ್ನನ್ನು ಇಳಿಸು” ಎಂದು ಮಗಳು ಚೀರಿದಳು.

ಅವನು ಇಳಿದು ಟೈರಿನ ಮೇಲೆ ಅಂಗೈ ಆಡಿಸಿದ. ಅಂಗೈಗೆ ಒಂದು ಗೀರೂ ತಾಗಲಿಲ್ಲ.

ಹಿಂದಿನಿಂದ ಗೆಳೆಯನ ಕಾರು ಬಂತು. ಅದರಲ್ಲಿದ್ದ ವ್ಯಾಪಾರಿಯೊಬ್ಬ ಕೇಳುವ ಮೊದಲೇ ಇಳಿದು ಮಳೆಯಲ್ಲಿ ನಿಂತ. ಮಗಳನ್ನು ಅದರಲ್ಲಿ ಮಲಗಿಸಿದರು. ಚಾಲಕ ಮುಂದೆ ಕುಳಿತ. ದಾರಿಯುದ್ದಕ್ಕೂ ಅವನು ತಿರುವು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡ. ಕಾರು ಒಮ್ಮೆಯೂ ಜಾರಲಿಲ್ಲ. ಸಂಜೆಗೆ ಮಗಳು ಹೆತ್ತಳು. ಇಬ್ಬರೂ ಕ್ಷೇಮ.

ಆಸ್ಪತ್ರೆಯ ಬಾಗಿಲಲ್ಲಿ ಚಾಲಕ ಗೆಳೆಯನಿಗೆ ಹೇಳಿದ: “ನಿನ್ನ ಟೈರು ಚೆನ್ನಾಗಿ ನೆಲ ಹಿಡಿದವು.”

“ಬೇಸಿಗೆಯೆಲ್ಲ ಮಲಗಿದ್ದವಲ್ಲ, ಹಿಡಿಯದೆ ಏನು?” ಎಂದ ಗೆಳೆಯ. ಆಮೇಲೆ ಮುಖ ನೋಡಿ ಹೇಳಿದ: “ಅಳಬೇಡವೋ. ನಿನ್ನಮ್ಮ ಇದ್ದಿದ್ದರೆ ಅವಳೇ ಅವನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸುತ್ತಿದ್ದಳು.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆ ಸವೆದ ಟೈರುಗಳನ್ನು ಅವನು ಕೊನೆಗೆ ಏನು ಮಾಡಿದ?”

“ಅವನ ಮಾತು ಬಿಡು,” ಎಂದರು ಗುರುಗಳು, “ನಿನ್ನ ಮನೆಯಲ್ಲಿ ಮಳೆ ನಿಂತು ಎಷ್ಟು ಕಾಲವಾಯಿತು?”

ಶಿಷ್ಯ ತಲೆ ತಗ್ಗಿಸಿದ.