ಭಾರ ಇಳಿಸಿದ ಸೈಕಲ್ಲುಗಳು

ಘಟ್ಟ ಹತ್ತಿ ಆಚೆ ಬದಿಯ ಊರಿಗೆ ಇಳಿಯುವ ಗುಂಪು ಸವಾರಿಗೆಂದು ಸೈಕಲ್ಲುಗಳು ತಿಂಗಳ ಮೊದಲೇ ತಯಾರಿಗೆ ಕೂತವು. ಅವುಗಳ ಮಾತೆಲ್ಲ ತೂಕದ್ದೇ ಆಗಿತ್ತು.

"ಏರಿನಲ್ಲಿ ಭಾರವೇ ಶತ್ರು," ಎಂದು ಕೆಂಪು ಸೈಕಲ್ಲು ತನ್ನ ಕ್ಯಾರಿಯರ್ ಕಳಚಿತು. ಉಳಿದವೂ ಕಳಚಿದವು. ಮರುದಿನ ಬೆಲ್ಲು ಹೋಯಿತು, ಆಮೇಲೆ ಮಡ್‌ಗಾರ್ಡು, ಸ್ಟ್ಯಾಂಡು. ಆದರೂ ಸಮಾಧಾನವಾಗದೆ ಕೆಂಪು ಸೈಕಲ್ಲು ಕೇಳಿತು: "ಹತ್ತುವವರಿಗೆ ಬ್ರೇಕು ಯಾಕೆ?" ಬ್ರೇಕುಗಳೂ ಮೂಲೆ ಸೇರಿದವು.

ಹಸಿರು ಸೈಕಲ್ಲೊಂದು ಮಾತ್ರ ನಾಚಿಕೆಯಿಂದ ಹೇಳಿತು: "ನನ್ನ ನಟ್ಟುಗಳಿಗೆ ತುಕ್ಕು ಹಿಡಿದಿದೆ. ಏನೂ ಬಿಚ್ಚಲಾಗಲಿಲ್ಲ, ಕ್ಷಮಿಸಿ."

"ನಿನಗೆ ಶ್ರದ್ಧೆ ಸಾಲದು. ನಮ್ಮ ಹಿಂದೆ ಬಾ," ಎಂದವು ಉಳಿದವು.

ಸವಾರಿಯ ದಿನ ಹಗುರಾದವೆಲ್ಲ ಸರಸರನೆ ಏರಿದವು. ಹಸಿರು ಸೈಕಲ್ಲು ಏದುಸಿರು ಬಿಡುತ್ತ ಘಟ್ಟದ ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ನೋಡಿದರೆ ಎಲ್ಲವೂ ಇನ್ನೂ ಅಲ್ಲೇ ಇದ್ದವು. ಸ್ಟ್ಯಾಂಡಿಲ್ಲದ್ದರಿಂದ ಒಂದಕ್ಕೊಂದು ಒರಗಿಕೊಂಡು, ಇಳಿಜಾರಿನ ಅಂಚಿನಲ್ಲಿ ಅಲುಗಾಡದೆ ನಿಂತಿದ್ದವು.

"ಇನ್ನೂ ಇಳಿದಿಲ್ಲವೇ?" ಎಂದಿತು ಹಸಿರು ಸೈಕಲ್ಲು.

"ಅವಸರವೇನು? ನೀನು ಹೋಗಿರು. ನಾವು ಕಣಿವೆಯ ಸೊಬಗು ನೋಡುತ್ತಿದ್ದೇವೆ," ಎಂದಿತು ಕೆಂಪು ಸೈಕಲ್ಲು.

ಹಸಿರು ಸೈಕಲ್ಲು ಕಿರ್ರೆನ್ನುವ ಬ್ರೇಕು ಹಿಡಿದು, ಬೆಲ್ಲು ಬಾರಿಸುತ್ತ ಇಳಿದುಹೋಯಿತು. ಘಟ್ಟದ ಮೇಲೆ ಆಗ ಎಂಥ ಮಂಜು ಕವಿದಿತ್ತೆಂದರೆ, ಕೆಂಪು ಸೈಕಲ್ಲಿಗೆ ತನ್ನ ಮುಂದಿನ ಚಕ್ರವೂ ಕಾಣುತ್ತಿರಲಿಲ್ಲ.