ಗುಬ್ಬಕ್ಕ ಯೋಚಿಸಿದಳು

ಅತ್ತಿಮರದ ಯಜಮಾನಿಕೆಗೆ ಗಿಳಿರಾಯನೂ ಗೊರವಂಕಯ್ಯನೂ ಸ್ಪರ್ಧಿಸಿದ್ದರು. ಇಬ್ಬರ ಬಲವೂ ಸಮಸಮ. ಅಳಿಲು ಮಾತ್ರ ತಾನು ಯಾರ ಕಡೆ ಎಂದು ಹೇಳಿರಲಿಲ್ಲ.

ಅಜ್ಜಿಯ ಕಾಲದಿಂದಲೂ ಗಿಳಿಯ ಪಕ್ಷದವಳಾದ ಗುಬ್ಬಕ್ಕ, "ರಾಯರೇ, ಗೂಡು ಗಾಳಿಗೆ ಹರಿದಿದೆ, ಮೊಟ್ಟೆಯಿಡುವ ದಿನ ಹತ್ತಿರವಾಯಿತು. ನಾಲ್ಕು ಕಡ್ಡಿ ತಂದುಕೊಡಿ," ಎಂದು ಬೇಡಿದಳು.

"ನೀನು ಹೇಗಿದ್ದರೂ ನಮ್ಮವಳೇ. ನಿನ್ನದು ಆಮೇಲೆ ನೋಡೋಣ," ಎಂದು ಗಿಳಿರಾಯ ಹಣ್ಣು ಕಚ್ಚಿಕೊಂಡು ಅಳಿಲಿನ ಪೊಟರೆಗೆ ಹಾರಿದ. ಅಲ್ಲಿ ಗೊರವಂಕಯ್ಯ ಆಗಲೇ ಕಡಲೆಕಾಯಿ ಹಿಡಿದು ನಿಂತಿದ್ದ.

ಗುಬ್ಬಕ್ಕ ಅದನ್ನೆಲ್ಲ ನೋಡಿ, ಇಬ್ಬರಿಗೂ ಕೇಳುವಂತೆ ಹೇಳಿದಳು: "ಈ ಸಲ ನಾನೂ ಯೋಚಿಸಿ ಹೇಳುತ್ತೇನೆ."

ಸಂಜೆಯೊಳಗೆ ಇಬ್ಬರೂ ಪೈಪೋಟಿಯಿಂದ ಕಡ್ಡಿ ಹೊತ್ತು ಗೂಡು ಕಟ್ಟಿಕೊಟ್ಟರು. ಗುಬ್ಬಕ್ಕ ಬೆಚ್ಚಗೆ ಮೊಟ್ಟೆಯಿಟ್ಟಳು.

ಮರುದಿನ ಮರದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಇನ್ನೂ ಯೋಚಿಸುತ್ತಿದ್ದೇವೆ."